23ನೇ ವಯಸ್ಸಿಗೆ ಕಾರಿನ ಫುಲ್ ಇನ್ಶೂರೆನ್ಸ್ ಕಟ್ಟೋದು ಹೆಂಗ?

ಪ್ರಶ್ನೆ: ನಾನು ಗಂಗಾವತಿಯವ, ವಯಸ್ಸು 23, ರೈಸ್ ಮಿಲ್‌ನಾಗ ಅಕೌಂಟ್ಸ್ ನೋಡ್ತೀನಿ, ಸಂಬಳ 21 ಸಾವಿರ. ನಾಲ್ಕು ವರ್ಷ ತುಂಬಿದ ಪೆಟ್ರೋಲ್ ಸ್ವಿಫ್ಟ್ 5 ಲಕ್ಷ 20 ಸಾವಿರಕ್ಕ ಮಾತಾಡೀನಿ, ಅದರಾಗ ಮೂರೂವರೆ ಲಕ್ಷ ಸಾಲ. ಫುಲ್ ಇನ್ಶೂರೆನ್ಸ್‌ಗೆ ಏಜೆಂಟ್ 18,190 ರೂಪಾಯಿ ಕೋಟೇಶನ್ ಕೊಟ್ಟಾರ. ಗೆಳೆಯರು ಬರೇ ಥರ್ಡ್ ಪಾರ್ಟಿ ಹಾಕ್ಸು ಸಾಕು ಅಂತಾರ. ಲಂಡನ್ನಾಗಿರೋ ದೊಡ್ಡಪ್ಪನ ಮಗ ಸಣ್ಣ ವಯಸ್ಸಿನವ್ರಿಗೆ ಪ್ರೀಮಿಯಂ ಜಾಸ್ತಿನೇ ಇರ್ತೈತಿ ಅಂದ. ಗಾಡಿ ಮಾರೋರು ಇನ್ನೂ ಐದು ತಿಂಗಳು ಫುಲ್ ಇನ್ಶೂರೆನ್ಸ್ ಐತಿ, 35 ಪರ್ಸೆಂಟ್ ಎನ್‌ಸಿಬಿ (ಕ್ಲೇಮ್ ಮಾಡದೇ ಇದ್ದಿದ್ದಕ್ಕ ಸಿಗೋ ರಿಯಾಯಿತಿ) ಐತಿ, ಎಲ್ಲಾ ನಿನಗ ಬರ್ತೈತಿ ಅಂತಾರ. ಅಪ್ಪ ಹೋದ ವರ್ಷ ತಮ್ಮ ಆಲ್ಟೋ ಮಾರಿದ್ರು, ಅವರ ಹೆಸರಿಗೆ ಮಾಡ್ಸಿದ್ರ ಕಡಿಮಿ ಆಗ್ತೈತೇನ್ರಿ? ಕಾರು ತಿಂಗಳಿಗೆ ಐದಾರು ದಿನ ಓಡಿದ್ರ ಹೆಚ್ಚು.

ಉತ್ತರ: ಆ 18,190 ನೀವು ಇವತ್ತೇ ಕಟ್ಟಬೇಕಾಗಿಲ್ಲ, ಐದು ತಿಂಗಳಾದ ಮ್ಯಾಲೂ ಅಷ್ಟು ಕಟ್ಟಬೇಕಾಗಿಲ್ಲ. ಆದ್ರ ಗೆಳೆಯರ ಮಾತು ಕೇಳಿ ಬರೇ ಥರ್ಡ್ ಪಾರ್ಟಿಗೆ ಮಾತ್ರ ಇಳೀಬ್ಯಾಡ್ರಿ. ಇವೆರಡೂ ಯಾಕ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ಲೆಕ್ಕದವ್ರು ನೀವು, ಪೆನ್ನು ಹಿಡ್ಕೊಂಡೇ ಓದ್ರಿ.

ನಿಮ್ಮ ಅಣ್ಣ ಹೇಳಿದ್ದು ಅವರ ದೇಶಕ್ಕ ಖರೆ. ಇಂಗ್ಲೆಂಡಿನಾಗ ಡ್ರೈವರ್ ವಯಸ್ಸು, ಲೈಸೆನ್ಸ್ ತಗೊಂಡು ಎಷ್ಟು ವರ್ಷ ಆತು, ಯಾವ ಏರಿಯಾದಾಗ ಮನಿ ಐತಿ ಅಂತೆಲ್ಲ ನೋಡಿ ರೇಟ್ ಹಾಕ್ತಾರ, ಹುಡುಗ್ರ ಗಾಡಿಗೆ ಹೆಂಗ ಓಡಿಸ್ತಾರ ಅಂತ ನೋಡೋ ಬ್ಲ್ಯಾಕ್ ಬಾಕ್ಸ್ ಕೂಡ ಕೂರಿಸ್ತಾರ. ನಮ್ಮಲ್ಲಿ ಮುಖ್ಯವಾಗಿ ನೋಡೋದು ಗಾಡಿನ. ಎಂಜಿನ್ ಎಷ್ಟು ಸಿಸಿ, ಎಷ್ಟು ವರ್ಷ ಹಳೇದು, ಇವತ್ತಿನ ಬೆಲೆ ಎಷ್ಟು, ಯಾವ ಊರಿನ ರಿಜಿಸ್ಟ್ರೇಶನ್. ಬೆಂಗಳೂರು, ಹೈದರಾಬಾದ್, ಮುಂಬೈ ಥರದ 8 ದೊಡ್ಡ ಊರು ಎ ಝೋನ್, ಉಳಿದ ಇಡೀ ದೇಶ ಬಿ ಝೋನ್, ಹಂಗಾಗಿ ನಿಮ್ಮ ಕೊಪ್ಪಳದ ಕೆಎ 37 ಗಾಡಿಗೆ ಬೆಂಗಳೂರು ಗಾಡಿಗಿಂತ ಒಂಚೂರು ಕಡಿಮಿನೇ ಬೀಳ್ತೈತಿ. ನಿಮ್ಮ ವಯಸ್ಸು ಇಲ್ಲಿ ಹೊಡ್ತ ಕೊಡೋದು ಬ್ಯಾರೆ ದಾರಿಯಿಂದ: ಕ್ಲೇಮ್ ಮಾಡದೇ ಗಳಿಸಿದ ರಿಯಾಯಿತಿ ನಿಮ್ಮ ಹೆಸರಲ್ಲಿಲ್ಲ, ಕೈಯಾಗ ಉಳಿತಾಯ ಇಲ್ಲ. ಮೊದಲನೇ ವರ್ಷನೇ ಭಾರ, ಮುಂದ ಇಳ್ಕೊಂತ ಹೋಗ್ತೈತಿ.

ಈಗ ಗೆಳೆಯರ ಮಾತಿಗೆ ಬರ್ತೀನಿ. ಥರ್ಡ್ ಪಾರ್ಟಿ ಅಂದ್ರ ನಿಮ್ಮ ಗಾಡಿಯಿಂದ ಬ್ಯಾರೆಯವ್ರಿಗೆ ಆದ ಸಾವು ನೋವು, ಅವರ ಆಸ್ತಿಗೆ ಆದ ನಷ್ಟ, ಇಷ್ಟಕ್ಕ ಮಾತ್ರ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದು ಕಡ್ಡಾಯ, ಇಲ್ಲದೇ ಸಿಕ್ಕಿಬಿದ್ರ ಮೊದಲ ಸಲ 2,000, ಮತ್ತೊಮ್ಮೆ ಆದ್ರ 4,000 ದಂಡ, ಜೈಲೂ ಆಗಬಹುದು. ಇದರ ರೇಟ್ ಎಲ್ಲಾ ಕಂಪನಿಗೂ ಒಂದೇ, 2022ರ ಜೂನ್ 1ರಿಂದ ಜಾರಿಗೆ ಬಂದ ದರದಾಗ 1000 ಸಿಸಿ ತನಕ 2,094, ಅಲ್ಲಿಂದ 1500 ಸಿಸಿ ತನಕ 3,416, ಅದಕ್ಕೂ ಮ್ಯಾಲೆ 7,897. ನಿಮ್ಮ ಸ್ವಿಫ್ಟ್ 1197 ಸಿಸಿ, ಹಂಗಾಗಿ 3,416. ಇದರಾಗ ಯಾರೂ ನಿಮಗ ಡಿಸ್ಕೌಂಟ್ ಕೊಡಾಕ ಬರಂಗಿಲ್ಲ, ಕೊಡ್ತೀನಿ ಅಂದವ್ರನ್ನ ನಂಬಬ್ಯಾಡ್ರಿ.

ಆದ್ರ ನಿಮ್ಮ ಸ್ವಂತ ಗಾಡಿಗೆ ಆದ ಪೆಟ್ಟಿಗೆ ಇದರಿಂದ ಒಂದು ಪೈಸೆ ಬರಂಗಿಲ್ಲ. ನೀವು ಓಡಾಡೋ ರಸ್ತೆ ನಿಮಗೇ ಗೊತ್ತು. ಗಂಗಾವತಿಯಿಂದ ಸಿಂಧನೂರು ಕಡೆ ಹೊಂಟ್ರ ಸುಗ್ಗಿ ಟೈಮಿನಾಗ ಅರ್ಧ ರಸ್ತೆಗೆ ಭತ್ತ ಒಣಗ ಹಾಕಿರ್ತಾರ, ರಾತ್ರಿ ಹಿಂದಿನ ಲೈಟಿಲ್ಲದ ಟ್ರಾಲಿ, ಕೊಯ್ಯೋ ಮಷಿನ್ನು, ಸಂಜಿ ಮುಂದ ಎಮ್ಮಿ ಹಿಂಡು. ಹೊಸಪೇಟೆ ದಾಟಿ ತೋರಣಗಲ್ಲು ಕಡೆ ಹೋದ್ರ ಅದಿರು ಲಾರಿ ಗಾಲಿಯಿಂದ ಸಿಡಿದ ಕಲ್ಲು ಗ್ಲಾಸಿಗೆ ಬಡೀತೈತಿ. ಎಮ್ಮಿಗೆ ಗುದ್ದಿ ನಿಮ್ಮ ಮುಂಭಾಗ ನುಜ್ಜಾತು ಅಂತ ತಿಳೀರಿ, ಥರ್ಡ್ ಪಾರ್ಟಿ ಪಾಲಿಸಿ ಎಮ್ಮಿ ಮಾಲೀಕನಿಗೆ ಪರಿಹಾರ ಕೊಡ್ತೈತಿ, ನಿಮ್ಮ ಗ್ಯಾರೇಜ್ ಬಿಲ್ ನೀವೇ ಕಟ್ಟಬೇಕು, ಅದೇ ತಿಂಗಳು ಕಂತೂ ಕಟ್ಟಬೇಕು. 21 ಸಾವಿರ ಸಂಬಳದಾಗ ಅದು ಆಗೋ ಮಾತಲ್ಲ. ಸಂಬಳ ಕಡಿಮಿ ಇದ್ದವ್ರಿಗೇ ಫುಲ್ ಇನ್ಶೂರೆನ್ಸ್ ಹೆಚ್ಚು ಬೇಕು ಅಂತ ನಾನು ಹೇಳೋದು ಇದಕ್ಕ. ಸಾಲ ಕೊಡೋ ಬ್ಯಾಂಕೂ ಬರೇ ಥರ್ಡ್ ಪಾರ್ಟಿಗೆ ಸಾಮಾನ್ಯವಾಗಿ ಒಪ್ಪಂಗಿಲ್ಲ. ಹನ್ನೆರಡು ವರ್ಷದ ಹಳೇ ಗಾಡಿ, ಸಾಲ ಇಲ್ಲ, ಮಾರಿದ್ರ ಲಕ್ಷ ಬಂದ್ರ ಪುಣ್ಯ ಅನ್ನೋ ಹಂಗಿದ್ರ ಥರ್ಡ್ ಪಾರ್ಟಿ ಸಾಕು ಅಂತ ನಾನೇ ಹೇಳ್ತಿದ್ದೆ. ನಿಮ್ಮದು ಹಂಗಿಲ್ಲ.

ಮಾರೋರು ಹೇಳಿದ್ರಾಗ ಅರ್ಧ ಸರಿ ಐತಿ, ಅರ್ಧ ತಪ್ಪು. ಪಾಲಿಸಿ ನಿಮ್ಮ ಹೆಸರಿಗೆ ಬರ್ತೈತಿ, ಎನ್‌ಸಿಬಿ ಬರಂಗಿಲ್ಲ. ಎನ್‌ಸಿಬಿ ಗಾಡಿಗಲ್ಲ, ಮನುಷ್ಯನಿಗೆ ಸೇರಿದ್ದು, ಅವರು ಕ್ಲೇಮ್ ಮಾಡದೇ ಗಳಿಸಿದ್ದು, ಅವರ ಮುಂದಿನ ಗಾಡಿಗೆ ಒಯ್ತಾರ. ನೀವು ಉಳಿದ ಐದು ತಿಂಗಳಿಗೆ ಆ ರಿಯಾಯಿತಿ ಮೊತ್ತ ಕಂಪನಿಗೆ ವಾಪಸ್ ಕಟ್ಟಬೇಕು. ಲೆಕ್ಕ ಹಾಕೋಣ. ಸ್ವಂತ ಗಾಡಿ ನಷ್ಟದ ಭಾಗ, ಅದಕ್ಕ ಓಡಿ ಅಂತೀವಿ, ಅದು ಎನ್‌ಸಿಬಿಗಿಂತ ಮೊದಲು 6,500 ಇತ್ತು ಅಂತ ಇಟ್ಕೊಳ್ರಿ. ಅದರ 35 ಪರ್ಸೆಂಟ್ 2,275, ಹನ್ನೆರಡರಾಗ ಐದು ತಿಂಗಳಿಗೆ ಸುಮಾರು 948, 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,119. ಮ್ಯಾಲೆ ಹೆಸರು ಬದಲಾಯಿಸೋ ಸಣ್ಣ ಫೀ, ಆಮ್ಯಾಲೆ ಮಾಲೀಕನ ಅಪಘಾತ ವಿಮೆ ಹಳೇ ಮಾಲೀಕರದ್ದು ನಿಮಗ ನಡ್ಯಂಗಿಲ್ಲ, ಅದೊಂದು ನಿಮ್ಮ ಹೆಸರಲ್ಲಿ ಬ್ಯಾರೆ. ಎಲ್ಲಾ ಸೇರಿ ಎರಡು ಸಾವಿರದೊಳಗ ಐದು ತಿಂಗಳು ಫುಲ್ ಇನ್ಶೂರೆನ್ಸ್ ನಿಮ್ಮದಾಗ್ತೈತಿ. ಈ ದಾರಿ ಏಜೆಂಟ್ ಹೇಳಿರಂಗಿಲ್ಲ, ಹೊಸ ಪಾಲಿಸಿ ಮಾಡಿದ್ರೇ ಅವರಿಗೆ ಕಮಿಷನ್.

ಆದ್ರ ಇದಕ್ಕ ಗಡುವು ಐತಿ. ಗಾಡಿ ನಿಮ್ಮ ಹೆಸರಿಗೆ ವರ್ಗ ಆದ 14 ದಿನದಾಗ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ಕಾನೂನು ಪ್ರಕಾರ ತಾನಾಗೇ ನಿಮ್ಮ ಕಡೆ ಬರ್ತೈತಿ, ಓಡಿ ಭಾಗ ಬರಂಗಿಲ್ಲ. ಆರ್‌ಸಿ ನಿಮ್ಮ ಹೆಸರಿಗೆ ಆಗಿ ಪಾಲಿಸಿ ಹಳೇ ಮಾಲೀಕರ ಹೆಸರಲ್ಲೇ ಉಳಿದಿದ್ದಾಗ ಗಾಡಿ ಪಲ್ಟಿ ಆದ್ರ ಕಂಪನಿ ಅವರಿಗೆ ನಿಮ್ಮ ಗಾಡಿಯೇ ಅಲ್ಲ ಅಂತೈತಿ, ನಿಮಗ ನಮ್ಮ ಪಾಲಿಸಿಯೇ ಇಲ್ಲ ಅಂತೈತಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ ಹುಡುಗ್ರ ಕ್ಲೇಮು ಹೆಚ್ಚಾಗಿ ಬಿದ್ದುಹೋಗೋದು ಇಲ್ಲೇ, ನೋಡಿದ್ರ ಹೊಟ್ಟಿ ಉರೀತೈತಿ. ಅದಕ್ಕ ಗಾಡಿ ಹೆಸರು ಬದಲಿಸೋ ಆರ್‌ಟಿಒ ಫಾರ್ಮ್ 29, 30ಕ್ಕ ಸೈನ್ ಹಾಕ್ಸೋ ದಿನವೇ ಮಾರೋರಿಂದ ಪಾಲಿಸಿ ವರ್ಗಾವಣೆಗೆ ಒಪ್ಪಿಗೆ ಪತ್ರನೂ ಬರೆಸ್ಕೊಳ್ರಿ. ದುಡ್ಡು ಕೊಡೋಕಿಂತ ಮೊದಲು ಪಾಲಿಸಿ ಕಾಪಿ ಇಸ್ಕೊಂಡು ಅದು ನಿಜವಾಗಿ ಪ್ಯಾಕೇಜ್ ಪಾಲಿಸಿನೋ (ಅಂದ್ರ ಫುಲ್) ಬರೇ ಥರ್ಡ್ ಪಾರ್ಟಿನೋ ಓದ್ರಿ, ಬಾಯಿಮಾತಿಗೆ ಫುಲ್ ಅನ್ನೋರು ಭಾಳ ಮಂದಿ ಅದಾರ. ಹೊಸ ಪಾಲಿಸಿ ಮಾಡೋವಾಗ ಯಾರಾದ್ರೂ ನಿಮ್ಮ ಹೆಸರಿಗೆ 35 ಪರ್ಸೆಂಟ್ ಎನ್‌ಸಿಬಿ ತುಂಬಿಬಿಡ್ತೀನಿ ಅಂದ್ರ ಒಪ್ಪಬ್ಯಾಡ್ರಿ, ಕಂಪನಿ ಹಳೇ ಕಂಪನಿ ಜೊತಿ ತಾಳೆ ನೋಡ್ತೈತಿ, ಸುಳ್ಳು ಅಂತ ಗೊತ್ತಾದ್ರ ಕ್ಲೇಮ್ ಹೋತು.

ಐದು ತಿಂಗಳಾದ ಮ್ಯಾಲೆ ಬರೋ ರಿನ್ಯೂವಲ್‌ಗೆ ಈಗಿನ ಕೋಟೇಶನ್ ಒಡೆದು ನೋಡೋಣ. ನೀವು ಕಳ್ಸಿದ ವಿವರದಾಗ ಐಡಿವಿ (ಪಾಲಿಸಿಯಾಗ ಬರೆದ ಗಾಡಿಯ ಇವತ್ತಿನ ಬೆಲೆ) 4 ಲಕ್ಷ, ಓಡಿ 6,500, ಥರ್ಡ್ ಪಾರ್ಟಿ 3,416, ಮಾಲೀಕನ ಅಪಘಾತ ವಿಮೆ 350, ಝೀರೋ ಡೆಪ್ 2,300, ಎಂಜಿನ್ ಪ್ರೊಟೆಕ್ಟ್ 600, ರಿಟರ್ನ್ ಟು ಇನ್‌ವಾಯ್ಸ್ (ಗಾಡಿ ಪೂರ್ತಿ ಹೋದ್ರ ಬಿಲ್ ಬೆಲೆ ಕೊಡೋದು) 900, ಕನ್ಸ್ಯೂಮೇಬಲ್ಸ್ (ಆಯಿಲ್, ನಟ್ಟು ಬೋಲ್ಟಿನಂಥವು) 350, ಕೀಲಿ ಬದಲಿ 300, ಟೈರ್ 500, ರಸ್ತೆ ಸಹಾಯ 200. ಒಟ್ಟು 15,416, ಜಿಎಸ್‌ಟಿ ಸೇರಿ 18,190.

ಇದರಾಗ ಮೊದಲು ಮುಟ್ಟಬಾರದ್ದು ಹೇಳ್ತೀನಿ. ಐಡಿವಿ ಮುಟ್ಟಬ್ಯಾಡ್ರಿ. ಗಾಡಿ ಕಳುವಾದ್ರ, ಇಲ್ಲಾ ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದ್ರ ನಿಮ್ಮ ಕೈಗೆ ಬರೋ ಮೊತ್ತ ಇದೇ. ನಾಲ್ಕರಿಂದ ಐದು ವರ್ಷದ ಗಾಡಿಗೆ ಶೋರೂಮ್ ಬೆಲೆಯಾಗ 50 ಪರ್ಸೆಂಟ್ ಕಳೀತಾರ, ಹಂಗಾಗಿ ನಿಮ್ಮದು ಈಗ್ಲೇ ನೀವು ಕೊಡೋ ರೇಟಿಗಿಂತ 1 ಲಕ್ಷ 20 ಸಾವಿರ ಕೆಳಗೈತಿ. ಪ್ರೀಮಿಯಂ ಕಡಿಮಿ ತೋರ್ಸಾಕ ಇದನ್ನ 3 ಲಕ್ಷ 20 ಸಾವಿರಕ್ಕ ಇಳಿಸಿ ಕೋಟೇಶನ್ ಕೊಡೋದು ಹಳೇ ಚಾಳಿ. ಹಂಗ ಮಾಡಿದ್ರ ನಿಮಗ ಉಳಿಯೋದು ಜಿಎಸ್‌ಟಿ ಸೇರಿ ಒಂದೂವರೆ ಸಾವಿರ, ಗಾಡಿ ಹೋದ್ರ ಕಳ್ಕೊಳ್ಳೋದು 80 ಸಾವಿರ, ಮೂರೂವರೆ ಲಕ್ಷದ ಸಾಲನೂ ಪೂರ್ತಿ ತೀರಂಗಿಲ್ಲ. ಎರಡು ಕೋಟೇಶನ್ ತೂಗೋವಾಗ ಎರಡರಾಗೂ ಐಡಿವಿ ಒಂದೇ ಐತೋ ಇಲ್ಲೋ ಮೊದಲು ನೋಡ್ರಿ. ಕಂಪನಿ ಒಂಚೂರು ಮ್ಯಾಲೆ ಏರ್ಸಾಕ ಬಿಟ್ರ ಏರ್ಸ್ರಿ.

ಝೀರೋ ಡೆಪ್ ಕೂಡ ಬಿಡಬ್ಯಾಡ್ರಿ. ಇದು ಇಲ್ಲಾಂದ್ರ ಹೊಸ ಪಾರ್ಟ್ ಹಾಕಿದಾಗ ಸವಕಳಿ ಅಂತ ಮುರ್ಕೊಂತಾರ, ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ 50 ಪರ್ಸೆಂಟ್, ನಿಮ್ಮ ಗಾಡಿ ವಯಸ್ಸಿಗೆ ಲೋಹದ ಪಾರ್ಟಿಗೆ 35 ಪರ್ಸೆಂಟ್, ಗ್ಲಾಸಿಗೆ ಮಾತ್ರ ಏನೂ ಇಲ್ಲ. ಮುಂದಿನ ಬಂಪರ್, ಗ್ರಿಲ್ ಅಂತ ಪ್ಲಾಸ್ಟಿಕ್ 24 ಸಾವಿರ, ಬಾನೆಟ್ಟು ಫೆಂಡರ್ 18 ಸಾವಿರ, ಕೂಲಿ 10 ಸಾವಿರ ಬಿಲ್ ಆತು ಅಂದ್ರ ಝೀರೋ ಡೆಪ್ ಇಲ್ಲದಿದ್ರ 12,000 ಮತ್ತ 6,300, ಪ್ರತಿ ಕ್ಲೇಮಿಗೂ ನೀವೇ ಹಾಕಬೇಕಾದ ಕಡ್ಡಾಯ ಕಡಿತ 1,000, ಒಟ್ಟು 19,300 ನಿಮ್ಮ ಜೇಬಿಂದ. ನಿಮ್ಮ ಹತ್ರ ಹತ್ರ ಒಂದು ತಿಂಗಳ ಸಂಬಳ ಹೋತಲ್ಲ. ಝೀರೋ ಡೆಪ್ ಇದ್ರ ಆ ಸಾವಿರ ಅಷ್ಟೇ. ಇನ್ನೊಂದು, ಐದು ವರ್ಷ ದಾಟಿದ ಗಾಡಿಗೆ ಕೆಲವು ಕಂಪನಿ ಇದನ್ನ ಕೊಡಂಗಿಲ್ಲ, ಹಳೇ ಪಾಲಿಸಿಯಾಗ ಇಲ್ಲದಿದ್ರ ಗಾಡಿ ಇನ್‌ಸ್ಪೆಕ್ಷನ್ ಕೇಳ್ತಾರ, ಅದಕ್ಕ ರಿನ್ಯೂವಲ್‌ಗೆ ಹದಿನೈದು ಇಪ್ಪತ್ತು ದಿನ ಮೊದಲೇ ವಿಚಾರ್ಸ್ರಿ.

ತೆಗೀಬಹುದಾದ್ದು: ರಿಟರ್ನ್ ಟು ಇನ್‌ವಾಯ್ಸ್ ಹೊಸ ಗಾಡಿಗೆ ಮಾಡಿದ್ದು, ನೀವು ಸೆಕೆಂಡ್ ಹ್ಯಾಂಡ್ ತಗೊಂಡವ್ರು, ಬ್ಯಾಡ. ಕೀಲಿ, ಟೈರ್ ಬ್ಯಾಡ. ಎಂಜಿನ್ ಪ್ರೊಟೆಕ್ಟ್ ಇರ್ಲಿ, ಮಳಿಗಾಲದಾಗ ಹಳ್ಳ ತುಂಬಿ ರಸ್ತೆ ಮ್ಯಾಲೆ ನೀರು ಹರಿಯೋದು ನಿಮ್ಮ ಕಡೆ ಇದ್ದಿದ್ದೇ, ನೀರು ನಿಂತ ಎಂಜಿನ್ ಸ್ಟಾರ್ಟ್ ಮಾಡಿ ಕೆಟ್ರ ಸಾದಾ ಪಾಲಿಸಿಯಾಗ ಕೈ ಎತ್ತಿಬಿಡ್ತಾರ. ಹಂಗಂತ ಪ್ರೊಟೆಕ್ಟ್ ಐತಿ ಅಂತ ನೀರಾಗ ನಿಂತ ಗಾಡಿ ಸೆಲ್ಫ್ ಹೊಡೀಬ್ಯಾಡ್ರಿ, ಟೋ ಮಾಡ್ಸ್ರಿ. ಮೂರು ತೆಗೆದ್ರ 1,700 ಇಳೀತು.

ಇನ್ನು ವಾಲಂಟರಿ ಡಿಡಕ್ಟಿಬಲ್. ಪ್ರತಿ ಕ್ಲೇಮಿನಾಗ ಮೊದಲ 2,500 ನಾನೇ ಹಾಕ್ತೀನಿ ಅಂತ ಒಪ್ಪಿದ್ರ ಓಡಿಯಾಗ 20 ಪರ್ಸೆಂಟ್, ಹೆಚ್ಚಂದ್ರ 750 ಬಿಡ್ತಾರ, 15,000 ಒಪ್ಪಿದ್ರ 35 ಪರ್ಸೆಂಟ್, ಹೆಚ್ಚಂದ್ರ 2,500. ಇದು ಹಳೇ ಟ್ಯಾರಿಫ್ ಲೆಕ್ಕ, ಅಂದ್ರ ಎಲ್ಲಾ ಕಂಪನಿಗೂ ಒಂದೇ ದರ ಇದ್ದ ಕಾಲದ್ದು, ಇವತ್ತಿಗೂ ಭಾಳ ಕಡೆ ಚಾಲ್ತಿಯಾಗೈತಿ. 2,500ದ್ದು ತಗೊಳ್ರಿ, 15,000ದ್ದು ಬ್ಯಾಡ, ನಿಮ್ಮ ಹತ್ರ ಅಷ್ಟು ರೊಕ್ಕ ಒಮ್ಮೆಲೇ ಇರಂಗಿಲ್ಲ. 2,500ದ್ದು ಯಾಕ ಅಂದ್ರ ಸಣ್ಣ ಪುಟ್ಟ ಗೀರಿಗೆ ನೀವು ಹೆಂಗೂ ಕ್ಲೇಮ್ ಮಾಡಬಾರದು.

ಅದನ್ನ ಲೆಕ್ಕ ಹಾಕೇ ತೋರಿಸ್ತೀನಿ, ಯಾಕಂದ್ರ ಹೊಸದಾಗಿ ಓಡ್ಸೋರು ಹೆಚ್ಚು ಕಳ್ಕೊಳ್ಳೋದು ಈ ಜಾಗದಾಗ. ಒಂದು ವರ್ಷ ಕ್ಲೇಮ್ ಇಲ್ಲಾಂದ್ರ ಮುಂದಿನ ವರ್ಷದ ಓಡಿಯಾಗ 20 ಪರ್ಸೆಂಟ್ ಎನ್‌ಸಿಬಿ, ಆಮ್ಯಾಲೆ 25, 35, 45, ಕೊನಿಗೆ 50. ಒಂದು ಕ್ಲೇಮ್ ಮಾಡಿದ್ರ ಸೊನ್ನೆಗೆ ಬರ್ತೈತಿ. ಓಡಿ 7,000 ಅಂತ ಹಿಡೀರಿ. ಕ್ಲೇಮ್ ಇಲ್ಲದಿದ್ರ ಐದು ರಿನ್ಯೂವಲ್‌ನಾಗ ಉಳಿಯೋದು 1,400, 1,750, 2,450, 3,150, 3,500, ಒಟ್ಟು 12,250. ಮೊದಲ ವರ್ಷವೇ ಒಂದು ಕ್ಲೇಮ್ ಮಾಡಿದ್ರ ಇಡೀ ಸಾಲು ಒಂದು ವರ್ಷ ಹಿಂದ ಸರೀತೈತಿ, ಉಳಿಯೋದು 8,750. ವ್ಯತ್ಯಾಸ 3,500, ಜಿಎಸ್‌ಟಿ ಸೇರಿ 4,130, ಜೊತಿಗೆ ಕಡ್ಡಾಯ ಕಡಿತ 1,000. ಅಂದ್ರ ಐದು ಸಾವಿರದೊಳಗಿನ ಕೆಲಸಕ್ಕ ಕ್ಲೇಮ್ ಮಾಡಿದ್ರ ನಿಮಗೇ ನಷ್ಟ, 2,500 ವಾಲಂಟರಿ ಇದ್ರ ಏಳೂವರೆ ಸಾವಿರದ ತನಕ ನಷ್ಟ. 50 ಪರ್ಸೆಂಟ್ ಮುಟ್ಟಿದ ಮ್ಯಾಲಂತೂ ಒಂದು ಕ್ಲೇಮಿಗೆ ಮುಂದಿನ ಐದು ವರ್ಷದಾಗ ಹೋಗೋದು 8,750, ಜಿಎಸ್‌ಟಿ ಸೇರಿ ಹತ್ತು ಸಾವಿರದ ಮ್ಯಾಲೆ. ಗ್ಯಾರೇಜಿನವ್ರು ಇನ್ಶೂರೆನ್ಸ್‌ನಾಗ ಹಾಕಿಬಿಡ್ರಿ, ಫ್ರೀ ಅಂತಾರ, ಅದು ಫ್ರೀ ಅಲ್ಲ. ದೊಡ್ಡ ಪೆಟ್ಟಿಗೆ ಮಾತ್ರ ಒಂದು ಕ್ಷಣನೂ ಹಿಂದ ಮುಂದ ನೋಡಬ್ಯಾಡ್ರಿ, ಅದಕ್ಕಂತನೇ ಪ್ರೀಮಿಯಂ ಕಟ್ಟೀರಿ.

ಓಡಿ ರೇಟ್ 2007ರಿಂದ ಕಂಪನಿಗೆ ಬಿಟ್ಟಿದ್ದು, ಹಂಗಾಗಿ ಅದೇ ಗಾಡಿಗೆ, ಅದೇ ಐಡಿವಿಗೆ ಒಂದು ಕಡೆ 6,500, ಇನ್ನೊಂದು ಕಡೆ 5,000 ಇರೋದು ಸಾಮಾನ್ಯ. ನಾಲ್ಕು ಸರ್ಕಾರಿ ಕಂಪನಿ, ಒಂದಿಷ್ಟು ಖಾಸಗಿ ಕಂಪನಿ, ಕನಿಷ್ಠ ನಾಲ್ಕೈದು ಕಡೆ ಕೇಳ್ರಿ, ಆದ್ರ ಗಂಗಾವತಿ ಹೊಸಪೇಟೆ ಕಡೆ ಕ್ಯಾಶ್‌ಲೆಸ್ ಗ್ಯಾರೇಜ್ ಯಾವುದು ಅಂತನೂ ಕೇಳ್ರಿ, ಹುಬ್ಬಳ್ಳಿ ತನಕ ಗಾಡಿ ಎಳ್ಕೊಂಡು ಹೋಗೋದಾದ್ರ ಐನೂರು ಉಳಿಸಿ ಏನ್ ಬಂತು. ಓಡಿ 5,000 ಸಿಕ್ಕಿತು, 1,700 ತೆಗೆದ್ರಿ, ವಾಲಂಟರಿ 750 ಇಳೀತು ಅಂದ್ರ 11,466, ಜಿಎಸ್‌ಟಿ ಸೇರಿ 13,530. ಬರೇ ಥರ್ಡ್ ಪಾರ್ಟಿ ಮತ್ತ ಅಪಘಾತ ವಿಮೆ ಇಷ್ಟೇ ಮಾಡ್ಸಿದ್ರೂ 4,444 ಆಗ್ತೈತಿ. ವ್ಯತ್ಯಾಸ 9,086, ತಿಂಗಳಿಗೆ 757. ಗೆಳೆಯರಿಗೆ ಈ ಲೆಕ್ಕ ತೋರ್ಸ್ರಿ.

ತಿಂಗಳಿಗೆ ಐದಾರು ದಿನ ಓಡೋ ಗಾಡಿಗೆ ಇನ್ನೊಂದು ಅನುಕೂಲ ಐತಿ. 2022ರ ಜುಲೈನಾಗ ವಿಮಾ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಓಡಿಸಿದಷ್ಟಕ್ಕ ಕಟ್ಟೋ ಥರದ ಪಾಲಿಸಿಗೆ ಒಪ್ಪಿಗೆ ಕೊಡ್ತು. ವರ್ಷಕ್ಕ ಇಷ್ಟು ಕಿಲೋಮೀಟರ್ ಅಂತ ಆರಿಸ್ಕೊಂಡ್ರ ಓಡಿ ಕಡಿಮಿ ಆಗ್ತೈತಿ, ಥರ್ಡ್ ಪಾರ್ಟಿ ಹಂಗೇ ಇರ್ತೈತಿ. ಕಿಲೋಮೀಟರ್ ಮುಗಿಯೋಕಿಂತ ಮೊದಲು ಟಾಪ್ ಅಪ್ ಮಾಡ್ಸೋದು ಮರೀಬಾರದು, ಮುಗಿದ ಮ್ಯಾಲೆ ಏನಾಗ್ತೈತಿ ಅಂತ ಆ ಕಂಪನಿ ಷರತ್ತಿನಾಗ ಓದೇ ಒಪ್ಪಬೇಕು. ಮಾಲೀಕನ 15 ಲಕ್ಷದ ಅಪಘಾತ ವಿಮೆನೂ ಪ್ರತ್ಯೇಕ ಪಾಲಿಸಿಯಾಗಿ ಒಮ್ಮೆ ತಗೊಂಡ್ರ ನಿಮ್ಮ ಹೆಸರಿನ ಬೈಕು ಕಾರು ಎರಡಕ್ಕೂ ನಡೀತೈತಿ, ಎರಡು ಕಡೆ ಕಟ್ಟೋದು ಬ್ಯಾಡ.

ಅಪ್ಪನ ವಿಷಯ. ಆಲ್ಟೋ ಮಾರಿದಾಗ ಅವರಿಗೆ ಎನ್‌ಸಿಬಿ ಇದ್ದಿದ್ರ ಹಳೇ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡು ಮೂರು ವರ್ಷದೊಳಗ ಅವರ ಹೆಸರಿನ ಇನ್ನೊಂದು ಕಾರಿಗೆ ಬಳಸಬಹುದು. 45 ಪರ್ಸೆಂಟ್ ಇತ್ತು ಅಂದ್ರ 6,500ರ ಓಡಿಯಾಗ 2,925, ಜಿಎಸ್‌ಟಿ ಸೇರಿ ಸುಮಾರು 3,450 ಉಳೀತೈತಿ. ಆದ್ರ ಆರ್‌ಸಿ, ಪಾಲಿಸಿ ಎರಡೂ ಅಪ್ಪನ ಹೆಸರಲ್ಲೇ ಇರಬೇಕು, ಬದುಕಿರೋ ಅಪ್ಪನ ಎನ್‌ಸಿಬಿ ಮಗನ ಹೆಸರಿನ ಗಾಡಿಗೆ ಬರಂಗಿಲ್ಲ. ಅವರ ಒಪ್ಪಿಗೆ, ನಿಮ್ಮ ಹತ್ರ ಲೈಸೆನ್ಸ್ ಇದ್ರ ನೀವು ಓಡಿಸಿದಾಗ ಆದ ಡ್ಯಾಮೇಜಿಗೂ ಕ್ಲೇಮ್ ಸಿಗ್ತೈತಿ, ಆ 15 ಲಕ್ಷದ ಅಪಘಾತ ವಿಮೆ ಮಾತ್ರ ಮಾಲೀಕರಿಗೆ ಅಷ್ಟೇ, ನಿಮಗಿಲ್ಲ. ನನ್ನ ಅಭಿಪ್ರಾಯ ಕೇಳಿದ್ರ ಸಾಲ ನಿಮ್ಮದು, ಓಡ್ಸೋರು ನೀವು, ನಿಮ್ಮ ಹೆಸರಿಗೇ ಮಾಡ್ಸ್ರಿ, ನಿಮ್ಮ ಎನ್‌ಸಿಬಿ ಇವತ್ತಿಂದನೇ ಬೆಳೀಲಿ. ಅಪ್ಪನ ಹೆಸರಿಗೇ ಆದ್ರ ನಿಮಗೊಂದು ಬ್ಯಾರೆ ಅಪಘಾತ ವಿಮೆ ಬೇಕೇ ಬೇಕು, ಏನಿಲ್ಲಾಂದ್ರೂ ಬ್ಯಾಂಕಿನಾಗ ವರ್ಷಕ್ಕ 20 ರೂಪಾಯಿಗೆ 2 ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಐತಲ್ಲ, ಅದನ್ನಾದ್ರೂ ಮಾಡ್ಸ್ರಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ವೈಟ್ ಬೋರ್ಡ್ ಗಾಡಿನ ಆನೆಗುಂದಿ, ಹಂಪಿ, ಮಂತ್ರಾಲಯ ಅಂತ ಬಾಡಿಗಿಗೆ ಬಿಡಬ್ಯಾಡ್ರಿ, ಕಂತಿಗಾಗ್ತೈತಿ ಅಂತ ಶುರು ಮಾಡ್ತಾರ, ಬಾಡಿಗಿ ಟ್ರಿಪ್ಪಿನಾಗ ಆಕ್ಸಿಡೆಂಟ್ ಆದ್ರ ಕಂಪನಿ ಓಡಿ ಕ್ಲೇಮ್ ತಿರಸ್ಕರಿಸ್ತೈತಿ. ಲೈಸೆನ್ಸ್ ಇಲ್ಲದ ಗೆಳೆಯನ ಕೈಗೆ ಸ್ಟೀರಿಂಗ್ ಕೊಟ್ರೂ, ಕುಡಿದು ಓಡಿಸಿದ್ರೂ ಅಷ್ಟೇ.

ದುಡ್ಡು ಹೊಂದ್ಸೋದು: ಇನ್ಶೂರೆನ್ಸ್‌ನಾಗ ಉದ್ರಿ ಇಲ್ಲ, ಪ್ರೀಮಿಯಂ ಕಂಪನಿಗೆ ಮುಟ್ಟಿದ ಮ್ಯಾಲೇ ರಕ್ಷಣೆ ಶುರು, ಚೆಕ್ ಬೌನ್ಸ್ ಆದ್ರ ಪಾಲಿಸಿನೂ ಹೋತು. ಐದು ತಿಂಗಳು ಐತಿ, ತಿಂಗಳಿಗೆ 2,700 ಎತ್ತಿಟ್ರ 13,500 ಆಗ್ತೈತಿ, ಮುಂದಿನ ವರ್ಷದಿಂದ ಬ್ಯಾಂಕಿನಾಗ ಹನ್ನೆರಡು ತಿಂಗಳ ಆರ್‌ಡಿ, 1,130 ಹಾಕಿದ್ರ ಸಾಕು, ಸಂಬಳ ಬಿದ್ದ ಮರುದಿನವೇ ಕಟ್ ಆಗೋ ಹಂಗ ಮಾಡ್ಸ್ರಿ. ಭತ್ತದ ದುಡ್ಡು ಬಂದಾಗ ಕಟ್ಟೋಣ ಅಂತ ಮನ್ಯಾಗ ಹೇಳಬಹುದು, ಎರಡನೇ ಬೆಳಿಗೆ ಡ್ಯಾಮ್ ನೀರು ಬರ್ತೈತೋ ಇಲ್ಲೋ ಅನ್ನೋದರ ಮ್ಯಾಲೆ ಇನ್ಶೂರೆನ್ಸ್ ನಿಲ್ಲಿಸಬ್ಯಾಡ್ರಿ. ಪಾಲಿಸಿ ಮುಗಿದ ಮರುಕ್ಷಣದಿಂದ ರಕ್ಷಣೆ ಇಲ್ಲ, 90 ದಿನ ದಾಟಿದ್ರ ಗಳಿಸಿದ ಎನ್‌ಸಿಬಿನೂ ಹೋಗ್ತೈತಿ.

ಕಟ್ಟೋವಾಗ ಏಜೆಂಟರ ಫೋನ್‌ಪೇ ನಂಬರಿಗೆ ಹಾಕಬ್ಯಾಡ್ರಿ, ಕಂಪನಿ ಕಳ್ಸೋ ಲಿಂಕಿಗೆ ಇಲ್ಲಾ ಆಫೀಸ್ ಕೌಂಟರಿನಾಗ ಕಟ್ರಿ. ಪಾಲಿಸಿ ಬಂದ ಮ್ಯಾಲೆ ಹೆಸರು, ಎಂಜಿನ್ ನಂಬರ್, ಚಾಸಿ ನಂಬರ್, ಸಾಲ ಕೊಟ್ಟ ಬ್ಯಾಂಕಿನ ಹೆಸರು ಆರ್‌ಸಿ ಜೊತಿ ಹೋಲ್ಸ್ರಿ, ಎನ್‌ಸಿಬಿ ಕಾಲಮ್ಮಿನಾಗ ಸೊನ್ನೆ ಐತೋ ಇಲ್ಲೋ ನೋಡ್ರಿ. ಹೆಸರು ವರ್ಗಾವಣೆ ಅರ್ಜಿ ಕೊಟ್ಟಿದ್ದಕ್ಕ ಸೀಲ್ ಹಾಕಿದ ಪ್ರತಿ ಇಲ್ಲಾ ಈಮೇಲ್ ಉತ್ತರ ಇಟ್ಕೊಳ್ರಿ, ಕಂಪನಿ ಸತಾಯಿಸಿದ್ರ ಐಆರ್‌ಡಿಎಐನ 155255 ನಂಬರಿಗೆ ಫೋನ್ ಮಾಡಿ ದೂರು ದಾಖಲು ಮಾಡಬಹುದು, ಆ ಪ್ರತಿ ಕೈಯಾಗಿದ್ರ ನಿಮ್ಮ ಮಾತಿಗೆ ತೂಕ ಬರ್ತೈತಿ.